ಎರಡನೇ ಕಲ್ಲು

ಮಳೆಗಾಲ ಹಿಡಿದರೆ ಧರ್ಣಪ್ಪನವರ ಫೋನಿಗೆ ಬಿಡುವಿಲ್ಲ. ಮೂಡುಬಿದಿರೆಯಿಂದ ಕಾಲೇಜು ಮಕ್ಕಳನ್ನು ಚಿಕ್ಕಮಗಳೂರಿಗೆ ಕರೆದೊಯ್ಯುವ ವ್ಯಾನಿನವರು, ಬಂಟ್ವಾಳದಲ್ಲಿ ಸರಕು ತುಂಬಿಸಿಕೊಂಡು ಹೊರಟ ಲಾರಿಯವರು, ಪೇಪರಿನವರು, ಎಲ್ಲರದ್ದೂ ಒಂದೇ ಪ್ರಶ್ನೆ.

"ಧರ್ಣಪ್ಪಣ್ಣ, ಘಾಟಿ ಓಪನ್ ಉಂಟಾ?"

ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅವರು ತಲೆ ಎತ್ತಿ ಚಾರ್ಮಾಡಿ ಗುಡ್ಡದ ಮೇಲಿನ ಮೋಡ ನೋಡುತ್ತಾರೆ. ಆಮೇಲೆ "ಉಂಟು, ಬನ್ನಿ" ಎನ್ನುತ್ತಾರೆ, ಇಲ್ಲವೇ "ಇವತ್ತು ಬೇಡ ಮಾರಾಯ" ಎನ್ನುತ್ತಾರೆ. ಮೂವತ್ತೊಂದು ವರ್ಷ ಈ ರಸ್ತೆಯ ಗ್ಯಾಂಗಿನಲ್ಲಿ ಚರಂಡಿ ಬಿಡಿಸಿ, ಗುಂಡಿ ಮುಚ್ಚಿ, ಮೇಸ್ತ್ರಿಯಾಗಿ ನಿವೃತ್ತರಾದ ಮನುಷ್ಯ. ಅವರ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಘಾಟಿಯ ಬುಡದ ಗೇಟಿನಲ್ಲಿ ನಿಲ್ಲುವ ಹೋಂಗಾರ್ಡ್ ಜಿತೇಶ ಕೂಡ ಬೆಳಿಗ್ಗೆ ಡ್ಯೂಟಿಗೆ ಬಂದವನೇ ಮೊದಲು ಅವರಿಗೆ ಫೋನ್ ಮಾಡುತ್ತಾನೆ.

ಈ ರಸ್ತೆಯ ಚರಿತ್ರೆ ಕೇಳಿದರೆ ಧರ್ಣಪ್ಪನವರು ಬಂಟ್ವಾಳದ ಬಿ.ಸಿ. ರೋಡಿನಿಂದ ಶುರುಮಾಡುತ್ತಾರೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಮುಂಡಾಜೆ ಎಂದು ಒಂದೊಂದಾಗಿ ಬೆರಳು ಮಡಚಿ ಚಾರ್ಮಾಡಿಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಹನ್ನೊಂದು ತಿರುವು ಹತ್ತಿದರೆ ಕೊಟ್ಟಿಗೆಹಾರ. ಹಿಂದೆ ಎತ್ತುಗಳ ಮೇಲೆ ಉಪ್ಪು ಮೇಲೆ ಹೋಗುತ್ತಿತ್ತಂತೆ, ಅಕ್ಕಿ ಕೆಳಗೆ ಬರುತ್ತಿತ್ತಂತೆ. ಆಮೇಲೆ ಗಾಡಿ, ಆಮೇಲೆ ಜಲ್ಲಿ, ಆಮೇಲೆ ಡಾಂಬರು. ಹೆದ್ದಾರಿ ಎಂದು ಒಂದು ನಂಬರು ಬಂತು, ಅದು ಹೋಗಿ ಇನ್ನೊಂದು ನಂಬರು ಬಂತು. ಯಾವ ಮೋರಿ ಯಾವ ವರ್ಷ ಕಟ್ಟಿದ್ದು ಎಂದು ಅವರಿಗೆ ಬಾಯಿಪಾಠ. ಮೋರಿ ಕಟ್ಟುವವರಿಗೆ ಗಂಜಿ ಬೇಯಿಸಿದ್ದು ಯಾರು ಎಂಬುದು ಆ ಚರಿತ್ರೆಯಲ್ಲಿ ಬರುವುದಿಲ್ಲ. ಯಾರೂ ಕೇಳಿಯೂ ಇಲ್ಲ.

ಬೇಯಿಸಿದ್ದು ಅವರ ತಾಯಿ ಪೂವಮ್ಮ, ಆಮೇಲೆ ಅವರ ಹೆಂಡತಿ ಜಲಜಾಕ್ಷಿ.

ಜಲಜಾಕ್ಷಿಯ ತವರು ಮೂಡುಬಿದಿರೆಯ ಆಚೆ. ಮದುವೆಯಾದ ಮೂರನೇ ದಿನ ಮೂಡುಬಿದಿರೆಯಲ್ಲಿ ಒಂದು ಬಸ್ಸು, ಬೆಳ್ತಂಗಡಿಯಲ್ಲಿ ಒಂದು ಬಸ್ಸು, ಉಜಿರೆಯಿಂದ ಒಂದು ಜೀಪು ಹತ್ತಿ ಈ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೊಂದು. ಅಡುಗೆಮನೆಯಲ್ಲಿ ಅವಳನ್ನು ಎದುರುಗೊಂಡದ್ದು ಸೊಂಟದೆತ್ತರದ ಗಂಜಿ ಪಾತ್ರೆ. ಗ್ಯಾಂಗಿನಲ್ಲಿ ಎಂಟು ಜನ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಜೊತೆಗೆ ಸುಟ್ಟ ಒಣಮೀನಿನ ಚಟ್ನಿ. ಎಂಟೂ ಜನರ ಬಟ್ಟಲು, ಅದರ ಮೇಲೆ ಮನೆಯವರದ್ದು. ಎಲ್ಲವನ್ನೂ ತೊಳೆಯಬೇಕಾದದ್ದು ಮನೆಯ ಹಿಂದಿನ ತೋಡಿನಲ್ಲಿ. ಘಾಟಿಯ ಮೇಲಿನಿಂದ, ಕೆಳಗಿನಿಂದ ಎಣಿಸಿದರೆ ಮೂರನೆಯದಾದ ತಿರುವಿನ ಪಕ್ಕದಲ್ಲೇ ಇಳಿದು ಬರುವ ನೀರು ಅದು.

ತೋಡಿನ ದಂಡೆಯಲ್ಲಿ ಮೆಟ್ಟಿಲಿನ ಹಾಗೆ ಮೂರು ಚಪ್ಪಟೆ ಕಲ್ಲು. ಮೇಲಿನದು ಕೂರಲು, ಎರಡನೆಯದು ಪಾತ್ರೆ ಇಡಲು, ಮೂರನೆಯದು ಬೇಸಿಗೆಯಲ್ಲಿ ಬಟ್ಟೆ ಒಗೆಯಲು. ಮೊದಲ ಮಳೆಗಾಲ ಬಂದಾಗ ಪೂವಮ್ಮ ಸೊಸೆಯನ್ನು ಕರೆದು ಕೂರಿಸಿ ತೋರಿಸಿದರು.

"ನೀರು ಕಪ್ಪು ಬಂದರೆ ಕಾಡಿನ ಎಲೆ, ನಿನ್ನ ಕೆಲಸ ನೋಡು. ಕೆಂಪು ಬಂದರೆ ಗುಡ್ಡದ ಮಣ್ಣು, ಮನೆಗೆ ಹೋಗಿ ಅವನಿಗೆ ಹೇಳು. ಆಷಾಢದಲ್ಲಿ ಈ ಎರಡನೇ ಕಲ್ಲು ಕಾಣಬಾರದು. ಮಳೆ ಬರ್ತಾ ಇದ್ದ ಹಾಗೆಯೇ ನೀರು ಇಳಿದು ಈ ಕಲ್ಲು ಕಂಡಿತಾ, ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿದೆ ಅಂತ ಲೆಕ್ಕ. ಅದು ಒಡೆದರೆ ಎಲ್ಲ ಒಟ್ಟಿಗೆ ಬರ್ತದೆ. ಪಾತ್ರೆ ಬಿಟ್ಟು ಓಡು."

ಹೀಗೆ ಮೂವತ್ತನಾಲ್ಕು ಮಳೆಗಾಲ ಜಲಜಾಕ್ಷಿ ಕುಕ್ಕರಗಾಲಲ್ಲಿ ಕೂತು, ಬೂದಿ ಮತ್ತು ತೆಂಗಿನ ನಾರಿನಿಂದ ಪಾತ್ರೆ ತಿಕ್ಕುತ್ತಾ ಘಾಟಿಯನ್ನು ಓದಿದಳು. ಕೈ ಒರೆಸಿಕೊಂಡು ಬಂದು "ನೀರು ಕೆಂಪು ಉಂಟು" ಎಂದರೆ ಧರ್ಣಪ್ಪನವರು ಹೂಂ ಎನ್ನುತ್ತಿದ್ದರು. ಆಮೇಲೆ ಜಗಲಿಗೆ ಹೋಗಿ ಮೋಡ ನೋಡಿ, ಅಲ್ಲಿದ್ದವರಿಗೆ "ಇವತ್ತು ಬೇಡ" ಎನ್ನುತ್ತಿದ್ದರು. ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಘಾಟಿ ಅಲ್ಲಲ್ಲಿ ಜರಿದು ತಿಂಗಳುಗಟ್ಟಲೆ ಸಂಚಾರ ನಿಂತಿತಲ್ಲ, ಆಗ ಎರಡು ದಿನ ಮೊದಲೇ ಎಚ್ಚರಿಸಿದರೆಂದು ಅವರಿಗೆ ಒಂದು ಸಭೆಯಲ್ಲಿ ಶಾಲು ಹೊದಿಸಿದರು. ಸಭೆ ಮುಗಿಸಿ ಮನೆಗೆ ಬಂದ ಹದಿನಾಲ್ಕು ಜನಕ್ಕೆ ಜಲಜಾಕ್ಷಿ ಪಾಯಸ ಮಾಡಿದಳು. ಪಾತ್ರೆಯನ್ನೂ ತೊಳೆದಳು.

ಎರಡು ವರ್ಷದ ಹಿಂದೆ ಅವಳ ಮೊಣಕಾಲು ಕೈಕೊಟ್ಟಿತು. ಮಗ ನಿತೇಶ ಪುಂಜಾಲಕಟ್ಟೆಯ ಕಡೆ ಇದೇ ಹೆದ್ದಾರಿ ಅಗಲ ಮಾಡುವ ಕೆಲಸದಲ್ಲಿ ಜೆಸಿಬಿ ಓಡಿಸುತ್ತಾನೆ. ಅಡುಗೆಮನೆಗೆ ನಲ್ಲಿ ಎಳೆಸಿದ, ಕಲ್ಲಿನ ಕಟ್ಟೆ ಕಟ್ಟಿಸಿ ಸಿಂಕ್ ಇಡಿಸಿದ. ನಿಂತುಕೊಂಡು ಪಾತ್ರೆ ತೊಳೆಯುವ ಸುಖವನ್ನು ಜಲಜಾಕ್ಷಿ ಐವತ್ತೈದನೇ ವಯಸ್ಸಿನಲ್ಲಿ ಕಂಡಳು. ತೋಡಿನ ದಾರಿಯಲ್ಲಿ ಹುಲ್ಲು ಬೆಳೆಯಿತು.

ಫೋನು ಮಾತ್ರ ಬರುತ್ತಲೇ ಇತ್ತು. ಧರ್ಣಪ್ಪನವರು ಮೋಡ ನೋಡಿ ಹೇಳುತ್ತಲೇ ಇದ್ದರು. ಎರಡು ಮಳೆಗಾಲ ಅವರ ಮಾತು ಸರಿಯಾಗಿಯೇ ನಡೆಯಿತು. ಈ ಎರಡು ಮಳೆಗಾಲ ಯಾರೂ ನೀರು ನೋಡಿಲ್ಲ ಎಂದು ಅವರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮೂರನೇ ಮಳೆಗಾಲದ ಒಂದು ಜುಲೈ ಬೆಳಿಗ್ಗೆ ನಸುಕಿನಿಂದಲೇ ಮಳೆ. ಸೊಸೆ ನವ್ಯಾ ಸರಕಾರಿ ಬಸ್ಸಿನ ಕಂಡಕ್ಟರ್. ಬೆಳಗ್ಗಿನ ಟ್ರಿಪ್ಪಿನಲ್ಲಿ ಘಾಟಿ ಹತ್ತಿ ಮೂಡಿಗೆರೆಗೆ ಹೋದವಳು ಹತ್ತೂವರೆಗೆ ಇಳಿದು ಬರುತ್ತಾಳೆ. ಮನೆಯೆದುರು ಬಸ್ಸು ಎರಡು ಸಲ ಹಾರ್ನ್ ಹೊಡೆಯುತ್ತದೆ. ನಾಲ್ಕು ವರ್ಷದ ಮೊಮ್ಮಗಳು ಪ್ರಾಪ್ತಿ ಅಂಗಳಕ್ಕೆ ಓಡಿ ಕೈ ಬೀಸುತ್ತಾಳೆ. ಜಲಜಾಕ್ಷಿ ಅದೇ ಹೊತ್ತಿಗೆ ಅನ್ನ ಬಸಿಯುತ್ತಾಳೆ. ಮನೆಯ ಗಡಿಯಾರ ಅದು.

ಎಂಟು ಗಂಟೆಗೇ ಜಿತೇಶನ ಫೋನು ಬಂದಿತ್ತು. "ಏನೂ ಇಲ್ಲ, ಬಿಡು" ಎಂದಿದ್ದರು ಧರ್ಣಪ್ಪ.

ಒಂಬತ್ತು ಗಂಟೆಗೆ ಕರೆಂಟು ಹೋಯಿತು. ಪಂಪು ನಿಂತಿತು. ನಲ್ಲಿ ಎರಡು ಸಲ ಕೆಮ್ಮಿ ಬತ್ತಿತು. ಸಿಂಕಿನಲ್ಲಿ ರಾತ್ರಿಯದ್ದೂ ಬೆಳಗ್ಗಿನದ್ದೂ ಸೇರಿ ಪಾತ್ರೆಯ ರಾಶಿ. ಜಲಜಾಕ್ಷಿ ಅದನ್ನೆಲ್ಲ ಬುಟ್ಟಿಗೆ ತುಂಬಿ, ತಲೆಗೆ ಪ್ಲಾಸ್ಟಿಕ್ ಹೊದ್ದು, ಮೊಣಕಾಲು ಹಿಡಿದುಕೊಂಡು ತೋಡಿಗೆ ಇಳಿದಳು. ಕೂತಳು. ಗಂಜಿ ಪಾತ್ರೆಯನ್ನು ಎರಡನೇ ಕಲ್ಲಿನ ಮೇಲೆ ಇಟ್ಟಳು.

ಇಟ್ಟ ಸದ್ದು ಅವಳಿಗೆ ಕೇಳಿಸಿತು. ನೀರು ಹರಿಯದ ಬರಿಗಲ್ಲಿನ ಮೇಲೆ ತಾಮ್ರ ಕೂತ ಸದ್ದು.

ಮಳೆ ಅವಳ ಬೆನ್ನಿನ ಮೇಲೆ ಹೊಡೆಯುತ್ತಿತ್ತು. ಕೆಳಗೆ ಮೂರನೇ ಕಲ್ಲೂ ಕಾಣುತ್ತಿತ್ತು. ಅದರ ಬುಡದಲ್ಲಿ ಮೊಣಕೈಯಷ್ಟು ಅಗಲದ ಕೆಂಪು ನೀರು, ಅವಸರವಿಲ್ಲದೆ.

ಅವಳು ಪಾತ್ರೆ ಬಿಟ್ಟು ಎದ್ದಳು.

"ಇಲ್ಲಿ ಕೇಳಿ, ತೋಡಿನಲ್ಲಿ ನೀರಿಲ್ಲ."

"ಮೇಲೆ ಮಳೆ ಕಡಿಮೆ ಇರಬೇಕು," ಎಂದರು ಧರ್ಣಪ್ಪ, ಪೇಪರಿನಿಂದ ತಲೆ ಎತ್ತದೆ.

"ಇಲ್ಲಿ ಸುರೀತಾ ಉಂಟು. ಮೇಲೆ ಕಡಿಮೆಯಾ? ಎರಡನೇ ಕಲ್ಲು ಪೂರ್ತಿ ಮೇಲೆ ಬಂದಿದೆ. ಮೂರನೆಯದೂ ಕಾಣ್ತದೆ. ಗೇಟಿಗೆ ಫೋನ್ ಮಾಡಿ."

"ಎಂಟು ಗಂಟೆಗೆ ಬಿಡು ಅಂತ ಹೇಳಿದ್ದೇನೆ. ಈಗ ಬೇಡ ಅಂತ ಹೇಳುವುದಾ? ಜನ ನಗ್ತಾರೆ."

"ನವ್ಯಾ ಈಗ ಇಳಿದು ಬರುವ ಹೊತ್ತು."

ಅವರು ಮೋಡ ನೋಡಿದರು. ಮೋಡ ದಿನಾ ಇರುವ ಹಾಗೆಯೇ ಇತ್ತು. ಅಷ್ಟರಲ್ಲಿ ಫೋನು ರಿಂಗಾಯಿತು. ಮೂಡುಬಿದಿರೆಯ ಯಾವುದೋ ವ್ಯಾನಿನವನು. ಅವಳು ಎದುರು ನಿಂತಿದ್ದ ಹಾಗೆಯೇ ಧರ್ಣಪ್ಪ ಹೇಳಿದರು: "ಓಪನ್ ಉಂಟು. ನಿಧಾನ ಬನ್ನಿ."

ಜಲಜಾಕ್ಷಿ ತನ್ನ ಫೋನಿನಲ್ಲಿ ನವ್ಯಾಳ ನಂಬರು ಒತ್ತಿದಳು. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಘಾಟಿಯಲ್ಲಿ ಯಾವಾಗಲೂ ಅಷ್ಟೇ. ಅವಳು ಪ್ರಾಪ್ತಿಯನ್ನು ಎತ್ತಿ ಅಜ್ಜನ ಮಡಿಲಲ್ಲಿ ಕೂರಿಸಿದಳು.

"ಇವಳನ್ನು ಹಿಡಿದುಕೊಳ್ಳಿ."

"ನೀನೆಲ್ಲಿಗೆ?"

ಅವಳಾಗಲೇ ಅಂಗಳ ದಾಟಿದ್ದಳು.

ಗೇಟು ಇನ್ನೂರು ಹೆಜ್ಜೆ ದೂರ. ಒಂದು ತುದಿಗೆ ಕಲ್ಲು ಕಟ್ಟಿದ ಉದ್ದದ ಕಂಬ, ಇನ್ನೊಂದು ತುದಿಗೆ ಹಗ್ಗ. ಜಿತೇಶ ತಗಡಿನ ಮಾಡಿನಡಿ ನಿಂತು ಎರಡು ಕಾರುಗಳನ್ನು ಬಿಡುತ್ತಿದ್ದ.

"ಜಿತೇಶ, ಹಾಕು ಗೇಟು. ಮೇಲೆ ನೀರು ಕಟ್ಟಿದೆ."

"ಜಲಜಕ್ಕ, ಬೆಳಿಗ್ಗೆಯೇ ಧರ್ಣಪ್ಪಣ್ಣ ಓಪನ್ ಅಂದಿದ್ದಾರೆ."

"ಅವರು ನೀರು ನೋಡಿಲ್ಲ. ನಾನು ನೋಡಿದ್ದು."

"ಅವರು ಒಂದು ಮಾತು ಹೇಳಿದರೆ ಸಾಕು ಅಕ್ಕ. ನಾನು ಹಾಕ್ತೇನೆ. ಸುಮ್ಮನೆ ಹಾಕಿದರೆ ಮೇಲಿನವರು ನನ್ನನ್ನು ಕೇಳ್ತಾರೆ."

ಸಾಲಿನಲ್ಲಿದ್ದ ಪಿಕಪ್ಪಿನ ಡ್ರೈವರ್ ಕಿಟಕಿ ಇಳಿಸಿದ. "ಏನಂತೆ ಅಕ್ಕನದ್ದು?"

"ತೋಡಿನಲ್ಲಿ ನೀರು ಕಡಿಮೆ ಆಗಿದೆಯಂತೆ."

"ಪಾತ್ರೆ ತೊಳೆಯಲಿಕ್ಕೆ ನೀರು ಸಾಲಲಿಲ್ಲ ಅಂತ ಹೈವೇ ಬಂದ್ ಮಾಡುವುದಾ ಮಾರಾಯ?" ಎಂದು ಅವನು ನಕ್ಕ. ಹಿಂದಿನ ಕಾರಿನವರೂ ನಕ್ಕರು.

ಜಲಜಾಕ್ಷಿ ಜಿತೇಶನ ಕೈಯಿಂದ ಹಗ್ಗ ಎಳೆದುಕೊಂಡಳು. ಕಂಬ ಇಳಿದು ಪಿಕಪ್ಪಿನ ಮೂತಿಯ ಎದುರು ನಿಂತಿತು. ಹಗ್ಗವನ್ನು ಅವಳು ಕೈಗೆ ಎರಡು ಸುತ್ತು ಸುತ್ತಿಕೊಂಡಳು. ಐವತ್ತೇಳು ವರ್ಷದ ಹೆಂಗಸಿನ ಕೈಯಿಂದ ಹಗ್ಗ ಕಿತ್ತುಕೊಳ್ಳುವುದು ಹೇಗೆಂದು ಜಿತೇಶನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಮೇಲಿನ ಗೇಟಿಗೆ ಫೋನ್ ಮಾಡು. ಇಳಿಯುವ ಬಸ್ಸು ಹೊರಟಿತಾ ಕೇಳು."

ಅವನು ಮಾಡಿದ. ಕೊಟ್ಟಿಗೆಹಾರದಿಂದ ಬಸ್ಸು ಒಂಬತ್ತು ಇಪ್ಪತ್ತೈದಕ್ಕೆ ಹೊರಟಾಗಿದೆ. ಈಗ ಹತ್ತಕ್ಕೆ ಎಂಟು ನಿಮಿಷ. ಇನ್ನು ಕೆಳಗಿನ ಮೂರನೇ ತಿರುವಿಗೆ ಹತ್ತಿಪ್ಪತ್ತು ನಿಮಿಷದ ದಾರಿ. ಮೇಲಿನ ಗೇಟಿನಿಂದ ಕೂಗಿದರೆ ಅದಕ್ಕೆ ಕೇಳಿಸುವುದಿಲ್ಲ, ಇಲ್ಲಿಂದ ಕೂಗಿದರೂ ಇಲ್ಲ.

ಪಿಕಪ್ಪಿನವನು ಹಾರ್ನ್ ಒತ್ತಿ ಹಿಡಿದ. ಹಿಂದಿನವರೂ ಒತ್ತಿದರು. ಆ ಸದ್ದಿನ ನಡುವೆ ಜಲಜಾಕ್ಷಿಗೆ ಖದೀಜ ನೆನಪಾದಳು. ಗಂಡನ ಓಮ್ನಿಯಲ್ಲಿ ಸ್ಟವ್ ಇಟ್ಟುಕೊಂಡು, ಘಾಟಿಯ ನಡುವೆ ಜನ ಜಲಪಾತ ನೋಡಲು ಇಳಿಯುವ ತಿರುವಿನಲ್ಲಿ ಚಾ, ಆಮ್ಲೆಟ್ ಮಾರುವವಳು. ಜೊತೆಗೆ ಉಪ್ಪಿನಲ್ಲಿ ಹಾಕಿದ ಮಾವು, ಅಂಬಟೆ. ಆ ಭರಣಿಗಳು ಹೋಗುವುದು ಜಲಜಾಕ್ಷಿಯ ಅಡುಗೆಮನೆಯಿಂದ. ಘಾಟಿಯಲ್ಲಿ ಫೋನು ಸಿಗುವ ಒಂದೇ ಜಾಗ ಅವಳ ಓಮ್ನಿಯ ಹಿಂದಿನ ಬಂಡೆ. ಎಲ್ಲ ಬಸ್ಸುಗಳೂ ಚಾಕ್ಕೆಂದು ಅಲ್ಲಿ ನಿಲ್ಲಿಸುತ್ತವೆ.

ಮೊದಲ ಸಲ ಹತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲಕ್ಕೆ ಗಾಳಿಯ ಸದ್ದು, ಅದರೊಳಗಿನಿಂದ ಖದೀಜಳ ದನಿ.

"ಜಲಜಕ್ಕ? ಮಾವು ಇನ್ನೂ ಉಂಟು, ಖಾಲಿ ಆಗ್ಲಿಲ್ಲ."

"ನವ್ಯಾಳ ಬಸ್ಸು ಬಂತಾ?"

"ಇಲ್ಲ. ಅಲ್ಲ, ಮೇಲೆ ಲೈಟು ಕಾಣ್ತದೆ. ಬರ್ತಾ ಉಂಟು."

"ನಿಲ್ಲಿಸು. ಮುಂದೆ ಬಿಡಬೇಡ. ಕೆಳಗೆ ಜರಿಯುತ್ತದೆ."

"ಡ್ರೈವರು ಕೇಳ್ಬೇಕಲ್ಲ ಅಕ್ಕ. ಧರ್ಣಪ್ಪಣ್ಣ ಹೇಳಿದ್ದಾರೆ ಅಂತ ಹೇಳ್ಲಾ?"

ಹೇಳು ಎನ್ನಬಹುದಿತ್ತು. ಆದರೆ ಡ್ರೈವರನ ಫೋನಿನಲ್ಲಿ ಅದೇ ಧರ್ಣಪ್ಪಣ್ಣನ ನಂಬರಿದೆ. ಬಂಡೆಯ ಮೇಲೆ ನಿಂತು ಅವನು ಒಂದು ಕರೆ ಮಾಡಿದರೆ ಜಗಲಿಯಿಂದ "ಓಪನ್ ಉಂಟು" ಎಂದು ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು.

"ಬೇಡ. ನವ್ಯಾಗೆ ಹೇಳು. ನಿನ್ನ ಮಾಮಿ ಹೇಳಿದ್ದಾರೆ, ಎರಡನೇ ಕಲ್ಲು ಕಾಣ್ತದೆ ಅಂತ. ಅಷ್ಟೇ ಹೇಳು."

"ಎರಡನೇ ಏನು?"

"ಕಲ್ಲು. ಕಲ್ಲು ಕಾಣ್ತದೆ."

ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಹಗ್ಗ ಹಿಡಿದು ನಿಂತ ಜಲಜಾಕ್ಷಿಯ ಎದೆಯಲ್ಲಿ ಆಗ ಒಂದೇ ಪ್ರಶ್ನೆ. ನವ್ಯಾ ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅವಳನ್ನು ಆ ದಂಡೆಯಲ್ಲಿ ಕೂರಿಸಿ ಕಲ್ಲು ತೋರಿಸಿದ್ದು ಒಂದೇ ಸಲ. ಹುಡುಗಿ ಆಗ ಕಂಡಕ್ಟರ್ ಪರೀಕ್ಷೆಯ ಪುಸ್ತಕ ಓದುತ್ತಿದ್ದಳು. ಹೂಂ ಹೂಂ ಎಂದಿದ್ದಳು. ಕೆಲಸ ಸಿಕ್ಕಿತು, ಮಗು ಹುಟ್ಟಿತು, ಸಿಂಕ್ ಬಂತು. ಅವಳಿಗೆ ಅದು ನೆನಪಿದೆಯೇ?

ರಸ್ತೆಯ ಆಚೆಯಿಂದ ಧರ್ಣಪ್ಪನವರು ಬಂದರು. ಕೊಡೆಯಿಲ್ಲ, ಮಗುವಿಲ್ಲ.

"ಏನಿದು ಜಲಜಾ, ಊರವರ ಎದುರು? ಮನೆಗೆ ನಡಿ. ಮಗು ಅಳ್ತಾ ಉಂಟು."

"ಎತ್ತಿಕೊಳ್ಳಿ."

"ನನ್ನ ಹತ್ತಿರ ನಿಲ್ಲುವುದಿಲ್ಲ ಅದು."

"ಒಬ್ಬಳನ್ನೇ ಬಿಟ್ಟು ಬಂದಿರಾ? ಹೋಗಿ. ಎತ್ತಿಕೊಂಡರೆ ನಿಲ್ತಾಳೆ."

ಜಿತೇಶ ಅವರ ಮುಖ ನೋಡಿದ. "ಧರ್ಣಪ್ಪಣ್ಣ, ಗೇಟು ತೆಗೆಯಲಾ?"

ಧರ್ಣಪ್ಪನವರು ಗುಡ್ಡ ನೋಡಿದರು. ಹೆಂಡತಿಯ ಕೈ ನೋಡಿದರು. ಒದ್ದೆ ಹಗ್ಗ ಅಂಗೈಯಲ್ಲಿ ಕೆಂಪು ಗೀರು ಹಾಕಿತ್ತು. ಅವರು ಬಾಯಿ ತೆರೆದರು.

ಮೊದಲು ಸದ್ದಲ್ಲ, ನಡುಕ ಬಂತು. ತಗಡಿನ ಮಾಡು ಗಿಲಗಿಲ ಎಂದಿತು. ಆಮೇಲೆ ಮೇಲಿನಿಂದ, ದೊಡ್ಡ ಲಾರಿ ಜಲ್ಲಿ ಸುರಿದ ಹಾಗೆ, ಸುರಿಯುತ್ತಲೇ ಇರುವ ಹಾಗೆ. ಪಿಕಪ್ಪಿನ ಹಾರ್ನ್ ನಿಂತಿತು. ಮನೆಯ ಹಿಂದೆ ತೋಡು ಬಂತು. ಮರದ ಬೇರು, ಬಂಡೆ, ಡಾಂಬರಿನ ತುಂಡು ಸೇರಿದ ಕೆಂಪು ಕೆಸರು. ಅದು ರಸ್ತೆ ತೋಡು ದಾಟುವ ಸೇತುವೆಯ ಅಡಿಯಲ್ಲಿ ತೂರಲಾರದೆ ರಸ್ತೆಯ ಮೇಲೆಯೇ ಹರಿಯಿತು. ದಿಣ್ಣೆಯ ಮೇಲಿದ್ದ ಮನೆಗೆ ಏನೂ ಆಗಲಿಲ್ಲ. ಧರ್ಣಪ್ಪ ಮನೆಯ ಕಡೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಜಿತೇಶ ಮೊದಲ ಸಲ ಕಂಡ.

ಹತ್ತು ಗಂಟೆ ಹದಿನೆಂಟು ನಿಮಿಷ. ಕೆಳಗಿನ ಮೂರನೇ ತಿರುವು ಹೋಗಿದೆ ಎಂದು ಸುದ್ದಿ ಬಂತು. ಬಸ್ಸು ಮೇಲಿತ್ತೋ, ಅಡಿಗೆ ಸಿಕ್ಕಿತೋ, ಯಾರಿಗೂ ಗೊತ್ತಿರಲಿಲ್ಲ.

ಹತ್ತೂವರೆಯಾಯಿತು. ಹಾರ್ನ್ ಇಲ್ಲ.

ಜಲಜಾಕ್ಷಿ ಮನೆಗೆ ಬಂದಳು. ಪ್ರಾಪ್ತಿ ಅಜ್ಜನ ಹೆಗಲಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು. ಅವರು ಅವಳನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಮಗುವಿಗೆ ಹಸಿವು. ಜಲಜಾಕ್ಷಿ ಕುಚ್ಚಲಕ್ಕಿ ಅಳೆದಳು. ಇಬ್ಬರಿಗೆ, ಮಗುವಿಗೆ. ಸೇರು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ನವ್ಯಾಳ ಪಾಲನ್ನೂ ಹಾಕಿದಳು. ಗಂಜಿ ಪಾತ್ರೆ ತೋಡಿನಲ್ಲಿ ಹೋಗಿತ್ತು. ಚಾ ಕಾಯಿಸುವ ಪಾತ್ರೆಯಲ್ಲೇ ಅಕ್ಕಿ ಇಟ್ಟಳು.

ಹನ್ನೊಂದಾಯಿತು. ಪುಂಜಾಲಕಟ್ಟೆಯಿಂದ ನಿತೇಶ ಫೋನ್ ಮಾಡಿದ. "ಜೆಸಿಬಿ ತಗೊಂಡು ಬರ್ತೇನೆ ಅಮ್ಮ" ಎಂದ. ಬಾ ಎಂದಳು. ಒಲೆಯ ಕೊಳ್ಳಿ ಮುಂದಕ್ಕೆ ತಳ್ಳಿದಳು.

ಹನ್ನೊಂದೂ ನಲವತ್ತಕ್ಕೆ ಖದೀಜಳ ನಂಬರಿನಿಂದ ಕರೆ ಬಂತು. ಅವಳು ಎತ್ತಿ ಕಿವಿಗಿಟ್ಟಳು.

"ಮಾಮಿ," ಎಂದಿತು ಆ ಕಡೆಯ ದನಿ. "ನಾನು ರೈಟ್ ಹೇಳ್ಲಿಲ್ಲ."

ಜಲಜಾಕ್ಷಿ ಒಲೆಯ ಕಟ್ಟೆ ಹಿಡಿದು ಕೂತಳು.

"ಬಸ್ಸು ಚಾಕ್ಕೆ ನಿಂತದ್ದೇ ತಡ, ಖದೀಜಕ್ಕ ಓಡಿ ಬಂದು ಮಾಮಿ ಕಲ್ಲು ಕಾಣ್ತದೆ ಅಂತ ಹೇಳಿದ್ದಾರೆ ಅಂದರು. ಮೊದಲು ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ನೀವು ತೋಡಿನಲ್ಲಿ ತೋರಿಸಿದ್ದು ನೆನಪಾಯಿತು ಮಾಮಿ. ಚಾ ಕುಡಿದು ಹತ್ತಿದ ಡ್ರೈವರ್ ಬೈದರು, ಪ್ಯಾಸೆಂಜರ್ ಬೈದರು. ಒಬ್ಬರು ಕಂಪ್ಲೇಂಟ್ ಕೊಡ್ತೇನೆ ಅಂದರು. ಕೊಡಿ ಅಂದೆ. ಕಂಡಕ್ಟರ್ ರೈಟ್ ಹೇಳದೆ ಬಸ್ಸು ಹೋಗ್ಲಿಕ್ಕೆ ಇಲ್ಲ. ನಾನು ಕೆಳಗೆ ಇಳಿದು ಬಸ್ಸಿನ ಎದುರು ನಿಂತೆ. ಆಮೇಲೆ ಅದು ಬಂತು. ಇಷ್ಟು ಹೊತ್ತು ಫೋನು ಹತ್ತಲಿಲ್ಲ. ನಲವತ್ತೊಂದು ಜನ ಇದ್ದೇವೆ. ಕೊಟ್ಟಿಗೆಹಾರಕ್ಕೆ ಹಿಂದೆ ಹೋಗ್ತೇವೆ. ಪ್ರಾಪ್ತಿ ಊಟ ಮಾಡಿದಳಾ?"

"ಈಗ ಕೊಡ್ತೇನೆ," ಎಂದಳು ಜಲಜಾಕ್ಷಿ.

ಮಧ್ಯಾಹ್ನದ ಹೊತ್ತಿಗೆ ಪೇಪರಿನವರ ಕರೆ ಶುರುವಾಯಿತು. ಹಗ್ಗ ಹಿಡಿದದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಗೇಟು ಬಿದ್ದದ್ದು ಮಾತ್ರ ಗೊತ್ತಿತ್ತು. ಒಳಗಿನಿಂದ ಅವಳಿಗೆ ಗಂಡನ ಮಾತು ಕೇಳಿಸುತ್ತಿತ್ತು.

"ಹೌದು, ನೀರು ನೋಡಿ ಗೊತ್ತಾಗ್ತದೆ ನಮಗೆ. ಅನುಭವ ಅಲ್ವಾ."

ಜಲಜಾಕ್ಷಿ ಬಾಗಿಲಿಗೆ ಬಂದಳು. ಅವಳ ಸೊಂಟದ ಮೇಲೆ ಪ್ರಾಪ್ತಿ, ಕೈಯಲ್ಲಿ ಅನ್ನದ ಬಟ್ಟಲು.

"ಯಾರು ನೋಡಿದ್ದು ಅಂತಲೂ ಹೇಳಿ," ಎಂದಳು.

ಧರ್ಣಪ್ಪನವರು ಫೋನನ್ನು ಸ್ವಲ್ಪ ಹೊತ್ತು ಕಿವಿಯಿಂದ ದೂರ ಹಿಡಿದರು. ಆಮೇಲೆ "ಇನ್ನೊಂದು ಫೋನ್ ಬರ್ತಾ ಉಂಟು" ಎಂದು ಇಟ್ಟುಬಿಟ್ಟರು. ಇನ್ನೊಂದು ಫೋನು ಬಂದಿರಲಿಲ್ಲ.

ಮರುದಿನ ಕರೆಂಟು ಬಂತು, ನಲ್ಲಿ ಬಂತು. ಜಲಜಾಕ್ಷಿ ಸಿಂಕಿನ ಎದುರು ನಿಂತು, ಉಳಿದಿದ್ದ ನಾಲ್ಕು ಪಾತ್ರೆ ತೊಳೆದಳು. ತೋಡಿನ ದಂಡೆ ಕೊರೆದು ಹೋಗಿತ್ತು, ಕಲ್ಲು ಮೂರೂ ಅಲ್ಲೇ ಇದ್ದವು. ಏಳು ಗಂಟೆಗೆ ಜಗಲಿಯಲ್ಲಿ ಫೋನು ರಿಂಗಾಯಿತು. ಜಿತೇಶ. ಮಣ್ಣು ತೆಗೆಯಲು ಜೆಸಿಬಿಗಳು ಬಂದಿವೆ, ನಿತೇಶನದ್ದೂ ಉಂಟು, ಮೇಲೆ ಕಳಿಸಬಹುದಾ ಎಂದು ಕೇಳುತ್ತಿದ್ದ.

ಧರ್ಣಪ್ಪನವರು ಅಭ್ಯಾಸದಂತೆ ತಲೆ ಎತ್ತಿ ಮೋಡ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು.

"ಜಲಜಾ, ಒಮ್ಮೆ ತೋಡಿಗೆ ಹೋಗಿ ನೋಡಿ ಬರ್ತೀಯಾ?"

"ನನ್ನ ಮೊಣಕಾಲು ಆಗುವುದಿಲ್ಲ. ನೀವು ಹೋಗಿ." ಅವಳು ಗಂಜಿಯ ತಳ ಹಿಡಿದಿದ್ದ ಚಾ ಪಾತ್ರೆಯನ್ನು ಅವರ ಕೈಗೆ ಕೊಟ್ಟಳು. "ಸುಮ್ಮನೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಕೂತು ಇದನ್ನು ತಿಕ್ಕಿ. ಅಷ್ಟು ಹೊತ್ತು ನೀರು ನೋಡಿ. ಆಮೇಲೆ ಬಂದು ಹೇಳಿ."

ಅವರು ಜಿತೇಶನಿಗೆ "ಸ್ವಲ್ಪ ನಿಲ್ಲು" ಎಂದರು. ಪಾತ್ರೆ ಹಿಡಿದು, ಲುಂಗಿ ಎತ್ತಿ ಕಟ್ಟಿ ಹಿಂದಿನ ದಾರಿ ಇಳಿದರು. ಅಡುಗೆಮನೆಯ ಕಿಟಕಿಯಿಂದ ಜಲಜಾಕ್ಷಿಗೆ ಅವರ ತಲೆ ಮಾತ್ರ ಕಾಣುತ್ತಿತ್ತು. ಅದು ಅತ್ತ ಹೋಯಿತು, ಇತ್ತ ಬಂತು, ನಿಂತಿತು.

"ಜಲಜಾ," ಎಂದು ಅವರು ಅಲ್ಲಿಂದ ಕೂಗಿದರು. "ಎರಡನೇ ಕಲ್ಲು ಯಾವುದು?"

ಅವಳು ನಲ್ಲಿ ನಿಲ್ಲಿಸಿದಳು.

"ನಿಮ್ಮ ಅಮ್ಮ ಕೂತುಕೊಳ್ತಿದ್ದದ್ದು ಒಂದನೆಯದು," ಎಂದಳು. "ಅದರ ಕೆಳಗಿನದ್ದು."